‘ಹೌದು’ ಎಂಬ ಪದದಿಂದ ಯುರೋಪನ್ನು ಅಳೆದ ಡಾಂಟೆ

1302ರಲ್ಲಿ ಫ್ಲಾರೆನ್ಸಿನಿಂದ ಗಡೀಪಾರಾದ ಡಾಂಟೆ, ಮುಂದಿನ ಕೆಲವೇ ವರ್ಷಗಳಲ್ಲಿ ಆಡುನುಡಿಯ ಹಿರಿಮೆ ಸಾರುವ ‘ದೆ ವುಲ್ಗಾರಿ ಎಲೊಕ್ವೆಂತಿಯಾ’ ಬರೆಯಲು ಕೂತ. ಬರೆದದ್ದು ಲ್ಯಾಟಿನ್‌ನಲ್ಲಿ, ಪಂಡಿತರನ್ನೇ ಒಪ್ಪಿಸಬೇಕಿತ್ತಲ್ಲ. ಎರಡನೆಯ ಭಾಗದಲ್ಲೇ ನಿಂತುಹೋದ ಈ ಕೃತಿಯ ಜೀವಾಳ, ನನ್ನ ಮಟ್ಟಿಗೆ, ಮೊದಲ ಭಾಗದ ಎಂಟನೆಯ ಅಧ್ಯಾಯ. ಅಲ್ಲಿ ಅವನು ‘ಹೌದು’ ಎನ್ನಲು ಯಾರು ಏನೆನ್ನುತ್ತಾರೆ ಎಂಬುದರ ಮೇಲೆ ಜನರನ್ನು ವಿಂಗಡಿಸುತ್ತಾನೆ: ‘ಓಕ್’ ಎನ್ನುವವರು, ‘ಓಯ್ಲ್’ ಎನ್ನುವವರು, ‘ಸಿ’ ಎನ್ನುವ ಇಟಲಿಯವರು.

ಸಂತೆಯಲ್ಲಿ, ಮನೆಯಲ್ಲಿ ದಿನಕ್ಕೆ ನೂರು ಸಲ ಬಾಯಿಗೆ ಬರುವ ಪದವನ್ನೇ ಅಳತೆಗೋಲು ಮಾಡಿಕೊಂಡದ್ದು ಸೊಗಸಾದ ಆಯ್ಕೆ. ಶಾಸ್ತ್ರೀಯ ಲ್ಯಾಟಿನ್‌ನಲ್ಲಿ ‘ಹೌದು’ ಎನ್ನಲು ಇಂಥದೇ ಎಂಬ ಪದವಿರಲಿಲ್ಲ. ‘ಬಂದೆಯಾ?’ ಎಂದರೆ ನಾವು ‘ಬಂದೆ’ ಎನ್ನುವಂತೆ ಅವರೂ ಕ್ರಿಯಾಪದವನ್ನೇ ಮರಳಿ ಹೇಳುತ್ತಿದ್ದರು. ಇಲ್ಲವೇ ‘ಹಾಗೆ’ ಎಂಬರ್ಥದ ‘ಸಿಕ್’ ಎನ್ನುತ್ತಿದ್ದರು. ಆ ಸಿಕ್ ಇಟಲಿಯಲ್ಲಿ ‘ಸಿ’ ಆಯಿತು. ‘ಇದು’ ಎಂಬರ್ಥದ ‘ಹೋಕ್’ ದಕ್ಷಿಣ ಫ್ರಾನ್ಸಿನಲ್ಲಿ ‘ಓಕ್’ ಆಯಿತು. ಉತ್ತರದಲ್ಲಿ ಅದಕ್ಕೆ ‘ಅವನು’ ಎಂಬ ಸರ್ವನಾಮ ಅಂಟಿ ‘ಓಯ್ಲ್’ ಆಗಿ, ಸವೆದು ಸವೆದು ಇಂದಿನ ಫ್ರೆಂಚಿನ ‘ವಿ’ ಆಗಿದೆ.

ಡಾಂಟೆ ಎಡವಿದ್ದು ಮೂಲದ ಮಾತಿಗೆ ಬಂದಾಗ. ದೇವರು, ಆಕಾಶ, ಪ್ರೀತಿ, ಕಡಲು, ನೆಲ ಇವಕ್ಕೆ ಮೂರೂ ನುಡಿಗಳಲ್ಲಿ ಹೆಚ್ಚುಕಡಿಮೆ ಒಂದೇ ಪದಗಳಿವೆ, ಆದ್ದರಿಂದ ಇವುಗಳ ಬೇರೂ ಒಂದೇ ಎಂದು ಅವನೇ ಕಂಡುಕೊಂಡಿದ್ದ. ತೌಲನಿಕ ಭಾಷಾಶಾಸ್ತ್ರ ಹುಟ್ಟುವುದಕ್ಕೆ ಸುಮಾರು ಐನೂರು ವರ್ಷ ಮೊದಲು ಇಂಥ ಒಳನೋಟ! ಆದರೆ ಲ್ಯಾಟಿನ್ ವೈಯಾಕರಣರು ಆಮೇಲೆ ಕಟ್ಟಿದ ನುಡಿ ಎಂದು ಅವನು ನಂಬಿದ್ದ. ಹಾಗಾಗಿ ಅವರು ‘ಸಿಕ್’ ಆರಿಸಿಕೊಂಡದ್ದೇ ಇಟಲಿಯ ‘ಸಿ’ಯ ಹಿರಿತನಕ್ಕೆ ಸಾಕ್ಷಿ ಎಂದುಬಿಟ್ಟ. ತಾಯಿಯನ್ನೇ ಮಗಳೆಂದ ಹಾಗಾಯಿತು. ಜರ್ಮನ್ನರು, ಇಂಗ್ಲಿಷರ ಜೊತೆಗೆ ಸ್ಲಾವರನ್ನೂ ಹಂಗೇರಿಯನ್ನರನ್ನೂ ‘ಯೋ’ ಎನ್ನುವವರ ಸಾಲಿಗೆ ಸೇರಿಸಿದ್ದಂತೂ ಕಿವಿಗೊಟ್ಟು ಕೇಳದೆ ಬರೆದದ್ದು. ಹಂಗೇರಿಯನ್ನರು ಹೇಳುವುದು ‘ಇಗೆನ್’. ಅವರ ನುಡಿ ಜರ್ಮನ್ನಿಗೆ ಬಂಧುವೇ ಅಲ್ಲ.

ಅಳತೆಗೋಲಿಗೂ ಮಿತಿಯಿದೆ. ರೊಮೇನಿಯನ್ ಲ್ಯಾಟಿನ್‌ನಿಂದಲೇ ಹುಟ್ಟಿದ ನುಡಿ. ಅಲ್ಲಿನ ‘ದಾ’ ಮಾತ್ರ ನೆರೆಯ ಸ್ಲಾವರಿಂದ ಬಂದದ್ದು. ‘ಹೌದು’ ಒಂದನ್ನೇ ನೆಚ್ಚಿದರೆ ರೊಮೇನಿಯನ್ ಈ ಬಳಗದಿಂದಲೇ ಹೊರಗುಳಿಯುತ್ತದೆ. ವಂಶ ತಿಳಿಯಲು ಡಾಂಟೆ ಕೊಟ್ಟ ಸಮಾನಪದಗಳ ಪಟ್ಟಿಯೇ ಗಟ್ಟಿ. ‘ಹೌದು’ ಹೆಚ್ಚೆಂದರೆ ಒಂದು ಸೀಮೆಯನ್ನು ಗುರುತಿಸಬಲ್ಲದು. ಆ ಕೆಲಸವನ್ನು ಅದು ಇಂದಿಗೂ ಮಾಡುತ್ತಿದೆ: 2016ರಲ್ಲಿ ಫ್ರಾನ್ಸ್ ತನ್ನ ದಕ್ಷಿಣದ ಎರಡು ಪ್ರಾಂತಗಳನ್ನು ಕೂಡಿಸಿ ಇಟ್ಟ ಹೆಸರು ‘ಒಕ್ಸಿತಾನಿ’, ಅಂದರೆ ‘ಓಕ್’ ಎನ್ನುವವರ ನಾಡು.