ಮೇಣದ ರೆಕ್ಕೆಗಳು, ತಡವಾಗಿ ಬಂದ ಚಿನ್ನ

ಗ್ರೀಕ್ ಪುರಾಣದ ಐಕರಸ್ ಮೇಣದಿಂದ ಅಂಟಿಸಿದ ರೆಕ್ಕೆಗಳನ್ನು ಕಟ್ಟಿಕೊಂಡು ಹಾರಿದವನು. ತಂದೆಯ ಎಚ್ಚರಿಕೆಯನ್ನು ಮರೆತು ಸೂರ್ಯನ ಸಮೀಪಕ್ಕೇರಿದ. ಮೇಣ ಕರಗಿತು, ಕಡಲಿಗೆ ಬಿದ್ದ. 2017ರಲ್ಲಿ ತೆರೆಕಂಡು ಮರುವರ್ಷ ಆಸ್ಕರ್ ಪ್ರಶಸ್ತಿ ಪಡೆದ ಬ್ರಯಾನ್ ಫೋಗೆಲ್ ಅವರ ಸಾಕ್ಷ್ಯಚಿತ್ರಕ್ಕೆ ಇದೇ ಹೆಸರು. ಕ್ರೀಡೆಯಲ್ಲಿ ಉದ್ದೀಪನ ಮದ್ದಿನ ಬಳಕೆಯನ್ನು ಕುರಿತ ಈ ಚಿತ್ರ ಖಂಡಿತ ನೋಡತಕ್ಕದ್ದು. ಆದರೆ ನೋಡಿ ಮುಗಿಸಿದ ಮೇಲೆ ಅದರ ಒಂದು ಕೊರತೆ ಮನಸ್ಸನ್ನು ಕಾಡುತ್ತದೆ.

ಫೋಗೆಲ್ ಹವ್ಯಾಸಿ ಸೈಕಲ್ ಸವಾರರು. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ವರ್ಷಗಟ್ಟಲೆ ಪರೀಕ್ಷಕರ ಕಣ್ಣಿಗೆ ಮಣ್ಣೆರಚಿ, ಕೊನೆಗೆ 2012ರಲ್ಲಿ ತಮ್ಮ ಏಳು ಟೂರ್ ಡಿ ಫ್ರಾನ್ಸ್ ಪ್ರಶಸ್ತಿಗಳನ್ನು ಕಳೆದುಕೊಂಡ ವೃತ್ತಾಂತವೇ ಅವರಿಗೆ ಪ್ರೇರಣೆ. ಪರೀಕ್ಷೆಗಳು ಎಷ್ಟು ದುರ್ಬಲವೆಂದು ತೋರಿಸಲು ಅವರು ತಮ್ಮ ದೇಹಕ್ಕೇ ಟೆಸ್ಟೊಸ್ಟೆರಾನ್ ಚುಚ್ಚಿಕೊಳ್ಳುತ್ತಾರೆ. ದಣಿದ ಸ್ನಾಯುಗಳು ಬೇಗ ಚೇತರಿಸಿಕೊಳ್ಳುವಂತೆ ಮಾಡುವುದು ಇಂತಹ ಸ್ಟೀರಾಯ್ಡ್‌ಗಳ ಗುಣ. ಸೇವಿಸಿದವನಿಗೆ ಇತರರಿಗಿಂತ ಹೆಚ್ಚು ಕಠಿಣ ಅಭ್ಯಾಸ ಸಾಧ್ಯವಾಗುತ್ತದೆ. ಫೋಗೆಲ್ ಅವರಿಗೆ ಇದರಲ್ಲಿ ಮಾರ್ಗದರ್ಶಕರಾದವರು ಮಾಸ್ಕೋದ ಉದ್ದೀಪನ ಮದ್ದು ಪರೀಕ್ಷಾಲಯದ ನಿರ್ದೇಶಕ ಗ್ರಿಗೊರಿ ರಾಡ್ಚೆಂಕೊವ್! ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು.

ಇಲ್ಲಿಂದ ಚಿತ್ರದ ದಿಕ್ಕು ಬದಲಾಗುತ್ತದೆ. 2015ರ ಕೊನೆಯಲ್ಲಿ ಅಮೆರಿಕಕ್ಕೆ ಓಡಿಬಂದ ರಾಡ್ಚೆಂಕೊವ್, 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್‌ನ ಗುಟ್ಟನ್ನು ಬಿಚ್ಚಿಡುತ್ತಾರೆ. ರಷ್ಯದ ಕ್ರೀಡಾಪಟುಗಳ ಮೂತ್ರದ ಸೀಸೆಗಳು ರಾತ್ರಿಯ ವೇಳೆ ಪ್ರಯೋಗಾಲಯದ ಗೋಡೆಯ ರಂಧ್ರದಿಂದ ಆಚೆ ಹೋಗುತ್ತಿದ್ದವು. ತಿಂಗಳುಗಳ ಹಿಂದೆ ಸಂಗ್ರಹಿಸಿಟ್ಟಿದ್ದ ಶುದ್ಧ ಮೂತ್ರವನ್ನು ಅವುಗಳ ಬದಲಿಗೆ ಇರಿಸಲಾಗುತ್ತಿತ್ತು. 2016ರ ಮೆಕ್ಲಾರೆನ್ ವರದಿಯು ಈ ವಂಚನೆಯನ್ನು ದೃಢಪಡಿಸಿ, ಸಾವಿರಕ್ಕೂ ಹೆಚ್ಚು ಕ್ರೀಡಾಪಟುಗಳು ಇಂತಹ ವ್ಯವಸ್ಥೆಯಲ್ಲಿ ಭಾಗಿಗಳು ಅಥವಾ ಫಲಾನುಭವಿಗಳೆಂದು ತಿಳಿಸಿತು.

ನಿರ್ದೇಶಕರ ಧೈರ್ಯ ಮೆಚ್ಚತಕ್ಕದ್ದೇ. ಆದರೆ ಚಿತ್ರವು ಕ್ರಮೇಣ ಪತ್ತೇದಾರಿ ಕಥೆಯ ವೇಗವನ್ನು ಪಡೆಯುತ್ತದೆ. ರಾಡ್ಚೆಂಕೊವ್ ಅವರ ಪ್ರಾಣಭಯ ನಮ್ಮದೂ ಆಗುತ್ತದೆ; ಮದ್ದು ಬೆರೆಸಿಕೊಟ್ಟ ಕೈ ಅವರದೇ ಎಂಬುದು ಮರೆತೇ ಹೋಗುತ್ತದೆ. ಅವರು ಬಾಯಿ ಬಿಡದಿದ್ದರೆ ಸತ್ಯ ಹೊರಬರುವುದು ಕಷ್ಟವಿತ್ತು, ನಿಜ. ಆದರೆ ಈ ಮೋಸದಿಂದ ಸೋತವರು ಯಾರು? ಎರಡು ಗಂಟೆಗಳ ಚಿತ್ರದಲ್ಲಿ ಅವರಿಗೆ ದೊರೆತಿರುವ ಜಾಗ ಅತ್ಯಲ್ಪ.

ಅಂಥವರನ್ನು ಕಾಣಲು ನಾವು ದೂರ ಹೋಗಬೇಕಿಲ್ಲ. ಬೆಂಗಳೂರನ್ನೇ ಮನೆಯಾಗಿಸಿಕೊಂಡ ಉದ್ದಜಿಗಿತದ ತಾರೆ ಅಂಜು ಬಾಬಿ ಜಾರ್ಜ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆರನೆಯವರಾದರು. 2007ರಲ್ಲಿ ಅಮೆರಿಕದ ಮರಿಯನ್ ಜೋನ್ಸ್ ಸ್ಟೀರಾಯ್ಡ್ ಸೇವನೆಯನ್ನು ಒಪ್ಪಿಕೊಂಡ ಮೇಲೆ ಅಂಜು ಐದನೆಯ ಸ್ಥಾನಕ್ಕೇರಿದರು. 2005ರ ಮೊನಾಕೊ ವಿಶ್ವ ಅಥ್ಲೆಟಿಕ್ಸ್ ಫೈನಲ್‌ನಲ್ಲಿ ಅವರಿಗೆ ಬೆಳ್ಳಿ. ಅಲ್ಲಿ ಚಿನ್ನ ಗೆದ್ದಿದ್ದ ರಷ್ಯದ ತತ್ಯಾನಾ ಕೊಟೋವಾ ಅವರ ಅದೇ ವರ್ಷದ ಮಾದರಿಯ ಮರುಪರೀಕ್ಷೆಯಲ್ಲಿ ನಿಷೇಧಿತ ಮದ್ದು ಪತ್ತೆಯಾಗಿ, 2014ರಲ್ಲಿ ಆ ಚಿನ್ನ ಅಂಜು ಅವರದಾಯಿತು. ಅಷ್ಟರಲ್ಲಿ ಎಂಟು ವರ್ಷಗಳು ಕಳೆದಿದ್ದವು. ಪದಕ ಬರಬಹುದು, ಗೆದ್ದ ದಿನದಂದು ಎತ್ತರದ ಮೆಟ್ಟಿಲಲ್ಲಿ ನಿಂತು ಚಪ್ಪಾಳೆ ಕೇಳುವ ಆ ಗಳಿಗೆಯನ್ನು ಯಾವ ಸಮಿತಿ ತಾನೇ ಹಿಂದಿರುಗಿಸಬಲ್ಲದು?

ಪರೀಕ್ಷೆಗಳು ಸೋಲುವುದಾದರೆ ಎಲ್ಲರಿಗೂ ಮದ್ದಿಗೆ ಅನುಮತಿ ಕೊಡಿ, ಆಗ ಸಮಾನತೆ ತಾನಾಗಿ ಬರುತ್ತದೆ ಎಂದು ವಾದಿಸುವವರಿದ್ದಾರೆ. ಕೇಳಲು ಸರಳವಾದ ವಾದ. ಆದರೆ ಹಾಗಾದಲ್ಲಿ ಹೃದಯಕ್ಕೂ ಯಕೃತ್ತಿಗೂ ಹಾನಿ ತರಬಲ್ಲ ಮದ್ದನ್ನು ಒಲ್ಲೆನೆಂಬ ಯುವಕನಿಗೆ ಮೈದಾನದಲ್ಲಿ ಸ್ಥಳವೇ ಉಳಿಯದು. ಒಬ್ಬನ ಆಯ್ಕೆ ಎಲ್ಲರ ಮೇಲಣ ಬಲವಂತವಾಗುತ್ತದೆ. ಇದನ್ನು ಸಮಾನತೆ ಎನ್ನಲಾದೀತೇ?

ಪುರಾಣದಲ್ಲಿ ಕೆಳಗೆ ಬಿದ್ದವನು ರೆಕ್ಕೆ ಕಟ್ಟಿಕೊಂಡವನೇ. ಕ್ರೀಡಾಂಗಣದಲ್ಲಿ ಹಾಗಲ್ಲ, ಮೇಣ ಕರಗುವ ಹೊತ್ತಿಗೆ, ಬರಿಗಾಲಲ್ಲಿ ನೆಲದ ಮೇಲೆ ಓಡಿದವರು ಎಂದೋ ಸೋತು ಮನೆ ಸೇರಿರುತ್ತಾರೆ. ಮನೆಯ ಬೆಳೆದ ಮಕ್ಕಳೊಡನೆ ಕುಳಿತು ಈ ಚಿತ್ರವನ್ನು ನೋಡಿರಿ. ಮುಗಿದ ಮೇಲೆ, ಗೆದ್ದವರು ಹೇಗೆ ಸಿಕ್ಕಿಬಿದ್ದರು ಎಂದಷ್ಟೇ ಕೇಳದೆ, ಅಂದು ನಾಲ್ಕನೆಯವರಾಗಿ ಮರಳಿದವರು ಯಾರು ಎಂದೂ ಕೇಳಿರಿ.