ಪದ ಬದಲಾದರೆ ಅರ್ಥ ಉಳಿದೀತೆ?

‘ಒಂದೇ ಪದವನ್ನು ಮತ್ತೆ ಮತ್ತೆ ಬಳಸಬೇಡಿ’ ಎಂಬುದು ಪ್ರಬಂಧ ಬರೆಯುವ ಮಕ್ಕಳಿಗೆ ನಾವು ಸಾಮಾನ್ಯವಾಗಿ ನೀಡುವ ಸಲಹೆ. ಇದನ್ನೇ ವಿಜ್ಞಾನದ ಉತ್ತರಪತ್ರಿಕೆಗೂ ಅನ್ವಯಿಸಿದರೆ ಏನಾಗುತ್ತದೆ? ವಿದ್ಯಾರ್ಥಿಯೊಬ್ಬ ಹೀಗೆ ಬರೆದನೆಂದುಕೊಳ್ಳೋಣ: ‘ವಸ್ತುವಿನ ಮೇಲೆ ಬಲ ಪ್ರಯೋಗವಾದಾಗ ವೇಗೋತ್ಕರ್ಷ ಉಂಟಾಗುತ್ತದೆ. ಈ ಶಕ್ತಿ ಹೆಚ್ಚಿದಂತೆ ವೇಗೋತ್ಕರ್ಷವೂ ಹೆಚ್ಚುತ್ತದೆ. ಸಾಮರ್ಥ್ಯ ಇಮ್ಮಡಿಯಾದರೆ ಅದೂ ಇಮ್ಮಡಿಯಾಗುತ್ತದೆ.’

ಓದಲು ವಾಕ್ಯಗಳು ಚೆನ್ನಾಗಿಯೇ ಇವೆ. ಆದರೆ ಭೌತವಿಜ್ಞಾನದಲ್ಲಿ ಬಲ, ಶಕ್ತಿ, ಸಾಮರ್ಥ್ಯ ಮೂರೂ ಬೇರೆ ಬೇರೆ ಪರಿಮಾಣಗಳು. ಅವುಗಳ ಏಕಮಾನಗಳು ಕ್ರಮವಾಗಿ ನ್ಯೂಟನ್, ಜೂಲ್ ಮತ್ತು ವಾಟ್. ವಿದ್ಯಾರ್ಥಿಗೆ ನಿಯಮ ಗೊತ್ತಿತ್ತು. ‘ಬಲ’ ಎಂದು ಮೂರು ಸಲ ಬರೆದಿದ್ದರೆ ಉತ್ತರ ಸರಿಯಾಗಿರುತ್ತಿತ್ತು. ಬರವಣಿಗೆಗೆ ವೈವಿಧ್ಯ ತರಲು ಹೋಗಿ ಅಂಕ ಕಳೆದುಕೊಂಡ.

ಇಂಥ ವೈವಿಧ್ಯಕ್ಕೆ ನೆರವಾಗುವ ಪುಸ್ತಕವೇ ಪರ್ಯಾಯ ಪದಕೋಶ, ಅಂದರೆ ಥಿಸಾರಸ್. ಗ್ರೀಕ್ ಮೂಲದ ಈ ಪದಕ್ಕೆ ಭಂಡಾರ ಎಂದರ್ಥ. ಇಂಗ್ಲಿಷಿನ ಹೆಸರಾಂತ ಥಿಸಾರಸ್ ಅನ್ನು ರಚಿಸಿದ ಪೀಟರ್ ಮಾರ್ಕ್ ರಾಜೆಟ್ (1779–1869) ಸಾಹಿತಿಯಲ್ಲ, ವೈದ್ಯ. 1827ರಿಂದ 1848ರವರೆಗೆ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದವರು. 1805ರಲ್ಲಿ ತಮ್ಮ ಬಳಕೆಗೆಂದು ಆರಂಭಿಸಿದ ಪದಸಂಗ್ರಹ 1852ರಲ್ಲಿ ಪುಸ್ತಕವಾಗಿ ಹೊರಬಂತು. ಆಗ ಅವರಿಗೆ 73 ವರ್ಷ.

ಸಸ್ಯ, ಪ್ರಾಣಿಗಳನ್ನು ವರ್ಗೀಕರಿಸುವಂತೆ ರಾಜೆಟ್ ಭಾವನೆಗಳನ್ನು ಆರು ವರ್ಗಗಳಾಗಿಯೂ ಸುಮಾರು ಸಾವಿರ ಶೀರ್ಷಿಕೆಗಳಾಗಿಯೂ ವಿಂಗಡಿಸಿದರು. ಅರ್ಥ ಮನಸ್ಸಿನಲ್ಲಿದ್ದು ಪದ ಹೊಳೆಯದಿದ್ದಾಗ ಅದನ್ನು ಹುಡುಕಿಕೊಳ್ಳಲು ಈ ವ್ಯವಸ್ಥೆ. ಒಂದು ಶೀರ್ಷಿಕೆಯಡಿ ಇರುವ ಪದಗಳು ನೆರೆಹೊರೆಯವು. ನೆರೆಹೊರೆಯವರೆಲ್ಲ ಒಬ್ಬರೇ ಅಲ್ಲ. ಮುಂದೆ ಬಂದ ಅನೇಕ ಥಿಸಾರಸ್‌ಗಳು ಅಕಾರಾದಿಯಾಗಿ ಪಟ್ಟಿ ಮಾಡಿ ಈ ವರ್ಗೀಕರಣವನ್ನೇ ಬಿಟ್ಟುಬಿಟ್ಟವು. ಗಣಕದಲ್ಲಿ ಒಂದು ಗುಂಡಿ ಒತ್ತಿದರೆ ಬರುವ ಪಟ್ಟಿಯಲ್ಲಂತೂ ಪದಗಳ ನಡುವಿನ ಅಂತರ ಕಾಣುವುದೇ ಇಲ್ಲ.

ನಮ್ಮಲ್ಲಿ ಪರ್ಯಾಯ ಪದಗಳ ಪರಂಪರೆ ಇನ್ನೂ ಹಳೆಯದು. ಸಂಸ್ಕೃತದ ಅಮರಕೋಶವೂ ಪದಗಳನ್ನು ವಿಷಯಕ್ಕನುಗುಣವಾಗಿ ವರ್ಗಗಳಲ್ಲಿ ಜೋಡಿಸಿದೆ. ಛಂದಸ್ಸಿಗೆ ಹೊಂದುವಂತೆ ಕವಿ ಜಲ, ಸಲಿಲ, ತೋಯಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಪ್ರಯೋಗದ ವರದಿಗೆ ಆ ಅಗತ್ಯವಿಲ್ಲ. ಅಲ್ಲಿ ನೀರು ಕೊನೆಯವರೆಗೂ ನೀರೇ ಆಗಿರಲಿ.

ಉಷ್ಣ ಮತ್ತು ತಾಪದ ಉದಾಹರಣೆ ನೋಡೋಣ. ಒಂದು ಲೋಟದಲ್ಲಿ 200 ಗ್ರಾಂ, ಒಂದು ಬಕೆಟ್ಟಿನಲ್ಲಿ 10 ಕಿಲೋಗ್ರಾಂ ನೀರಿದೆ. ಎರಡನ್ನೂ 25ರಿಂದ 75 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ತಾಪದ ಏರಿಕೆ ಒಂದೇ, 50 ಡಿಗ್ರಿ. ಆದರೆ ಲೋಟದ ನೀರಿಗೆ ಬೇಕಾದ ಉಷ್ಣ ಸುಮಾರು 42 ಕಿಲೋಜೂಲ್, ಬಕೆಟ್ಟಿನದಕ್ಕೆ ಸುಮಾರು 2,100 ಕಿಲೋಜೂಲ್. ಐವತ್ತು ಪಟ್ಟು ವ್ಯತ್ಯಾಸ! ಹಾಗೆಯೇ, 400 ಮೀಟರ್ ಟ್ರ್ಯಾಕಿನ ಒಂದು ಸುತ್ತನ್ನು 50 ಸೆಕೆಂಡಿನಲ್ಲಿ ಓಡಿ ಹೊರಟಲ್ಲಿಗೇ ಮರಳಿದವನ ಸರಾಸರಿ ಜವ ಸೆಕೆಂಡಿಗೆ 8 ಮೀಟರ್. ಸರಾಸರಿ ವೇಗ ಸೊನ್ನೆ. ಆಡುಮಾತಿನಲ್ಲಿ ಬೆರೆತುಹೋಗುವ ಇಂಥ ಪದಗಳನ್ನು ವಿಜ್ಞಾನ ಬೇರ್ಪಡಿಸಿದೆ. ಪರ್ಯಾಯ ಪದದ ಮೋಹ ಅವನ್ನು ಮತ್ತೆ ಬೆರೆಸುತ್ತದೆ.

ನಿಜವಾಗಿಯೂ ಸಮಾನಾರ್ಥಕವಾದ ಪದಗಳಲ್ಲೂ ಎಚ್ಚರ ಬೇಕು. ಶಾಖ, ಉಷ್ಣ ಎರಡೂ ಬಳಕೆಯಲ್ಲಿವೆ. ಒಂದೇ ಲೇಖನದಲ್ಲಿ ಎರಡನ್ನೂ ಬಳಸಿದರೆ, ಹೊಸದಾಗಿ ಕಲಿಯುವವನು ಇವು ಎರಡು ಬೇರೆ ಸಂಗತಿಗಳೆಂದು ತಿಳಿಯುವ ಸಾಧ್ಯತೆಯಿದೆ.

ಹಾಗಾದರೆ ಪರ್ಯಾಯ ಪದಕೋಶ ವಿಜ್ಞಾನ ವಿದ್ಯಾರ್ಥಿಗೆ ಬೇಡವೇ? ಖಂಡಿತ ಬೇಕು. ನಮ್ಮ ವಿಜ್ಞಾನ ಬರಹಗಳಲ್ಲಿ ಬೇಸರ ತರಿಸುವುದು ಪಾರಿಭಾಷಿಕ ಪದಗಳ ಪುನರಾವರ್ತನೆಯಲ್ಲ. ಎಲ್ಲ ವಾಕ್ಯಗಳೂ ‘ಆಗುತ್ತದೆ’, ‘ಮಾಡಲಾಗುತ್ತದೆ’ ಎಂದು ಮುಗಿಯುವುದು. ‘ನೀರು ಹೊರಗೆ ಬರುತ್ತದೆ’ ಎಂಬ ವಾಕ್ಯವನ್ನೇ ತೆಗೆದುಕೊಳ್ಳಿ. ಮಣ್ಣಿನ ಮಡಕೆಯಿಂದ ನೀರು ಒಸರುತ್ತದೆ, ಬಿರುಕಿನಿಂದ ಜಿನುಗುತ್ತದೆ, ಸಡಿಲ ನಲ್ಲಿಯಿಂದ ತೊಟ್ಟಿಕ್ಕುತ್ತದೆ, ಒಡೆದ ಕೊಳವೆಯಿಂದ ಚಿಮ್ಮುತ್ತದೆ. ಪ್ರತಿ ಕ್ರಿಯಾಪದವೂ ನೀರು ಬರುವ ಪ್ರಮಾಣವನ್ನೂ ರೀತಿಯನ್ನೂ ತಿಳಿಸುತ್ತದೆ. ಇಲ್ಲಿ ಪದ ಬದಲಾದುದು ಅಲಂಕಾರಕ್ಕಲ್ಲ, ವೀಕ್ಷಣೆ ಹೆಚ್ಚು ನಿಖರವಾದುದರಿಂದ.

ಶಿಕ್ಷಕರು ತರಗತಿಯಲ್ಲಿ ಒಂದು ಚಟುವಟಿಕೆ ಮಾಡಿಸಬಹುದು. ಹತ್ತು ಪರ್ಯಾಯ ಪದಗಳನ್ನು ಕೊಟ್ಟು, ಅವು ಹೇಗೆ ಒಂದೇ ಎಂದು ಕೇಳುವ ಬದಲು ಹೇಗೆ ಬೇರೆ ಎಂದು ಕೇಳಿ. ಉತ್ತರಪತ್ರಿಕೆ ತಿದ್ದುವಾಗ ‘ಬಲ’ ಎಂಬ ಪದ ಐದು ಸಲ ಬಂದಿದ್ದರೆ ಕೆಂಪು ಗೆರೆ ಎಳೆಯುವ ಮುನ್ನ ಯೋಚಿಸಿ. ಐದು ಕಡೆಯೂ ಅದು ನ್ಯೂಟನ್‌ಗಳಲ್ಲಿ ಅಳೆಯುವ ಬಲವೇ ಆಗಿದ್ದರೆ, ಆ ವಿದ್ಯಾರ್ಥಿ ಸರಿಯಾಗಿಯೇ ಬರೆದಿದ್ದಾನೆ.