ಫುಕುಶಿಮಾ ವರದಿಯ ಎರಡು ಮುನ್ನುಡಿಗಳು

2011ನೆಯ ಮಾರ್ಚ್ 11ರ ಭೂಕಂಪ ಸುನಾಮಿಗಳಿಂದ ಜಪಾನಿನ ಫುಕುಶಿಮಾ ದಾಯಿಚಿ ಪರಮಾಣು ವಿದ್ಯುತ್ ಸ್ಥಾವರವು ಹಾಳಾದುದು ಸರ್ವವಿದಿತವಾಗಿದೆ. ಅದರ ಕಾರಣವನ್ನು ಶೋಧಿಸಲು ಅಲ್ಲಿಯ ಪಾರ್ಲಿಮೆಂಟು ನೇಮಿಸಿದ, ಕಿಯೋಶಿ ಕುರೊಕಾವಾ ಅವರ ಅಧ್ಯಕ್ಷತೆಯ ಸಮಿತಿಯು 2012ನೆಯ ಜುಲೈ 5ರಂದು ತನ್ನ ವರದಿಯನ್ನೊಪ್ಪಿಸಿತು. ವರದಿಯ ಇಂಗ್ಲಿಷ್ ಸಂಗ್ರಹದ ಮುನ್ನುಡಿಯಲ್ಲಿ ಅಧ್ಯಕ್ಷರು ಈ ಅನರ್ಥದ ಮೂಲವು ಜಪಾನೀ ಸಂಸ್ಕೃತಿಯಲ್ಲಿಯೇ ಇದೆಯೆಂದು ಹೇಳಿ, ಮರುಮಾತಿಲ್ಲದ ವಿಧೇಯತೆ, ಅಧಿಕಾರವನ್ನು ಪ್ರಶ್ನಿಸುವ ವಿಷಯದಲ್ಲಿ ಹಿಂಜರಿಕೆ ಮೊದಲಾದ ದೋಷಗಳನ್ನೆಣಿಸಿದ್ದಾರೆ. ಜಪಾನೀ ಮುನ್ನುಡಿಯಲ್ಲಿ ಈ ಪಟ್ಟಿಯಿಲ್ಲ; ಸಂಸ್ಥೆಯ ಹಿತರಕ್ಷಣೆಯನ್ನೇ ಕರ್ತವ್ಯವೆಂದೆಣಿಸಿದ ಅಧಿಕಾರಿವರ್ಗದ ಮನೋಭಾವವನ್ನು ಅಲ್ಲಿ ಖಂಡಿಸಲಾಗಿದೆ. ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಈ ಭೇದವು ಉಪೇಕ್ಷಣೀಯವಲ್ಲ.

ಇಂಜಿನಿಯರುಗಳ ಮಾತಿನ ರೀತಿಯು ದೇಶದಿಂದ ದೇಶಕ್ಕೆ ಬೇರೆಯಾಗಿರುವುದು ನಿಜವೇ. ಜಪಾನಿನಲ್ಲಿ ‘ನೆಮವಾಶಿ’ ಎಂಬ ಪದ್ಧತಿಯುಂಟು. ಮರವನ್ನು ಬೇರೆಡೆಗೆ ನೆಡುವ ಮೊದಲು ಅದರ ಬೇರುಗಳನ್ನು ಸುತ್ತಲೂ ಹದಗೊಳಿಸುವುದು ಪದದ ವಾಚ್ಯಾರ್ಥ. ಸಭೆಗೆ ಮುಂಚೆಯೇ ಒಬ್ಬೊಬ್ಬರೊಡನೆ ಪ್ರತ್ಯೇಕವಾಗಿ ಮಾತನಾಡಿ ಒಮ್ಮತವನ್ನು ಸಾಧಿಸುವುದು ಲಕ್ಷ್ಯಾರ್ಥ. ಅಂತಹ ಸಭೆಯ ಮೌನವನ್ನು ಕಂಡು ಆಕ್ಷೇಪವೇ ಇರಲಿಲ್ಲವೆಂದು ಹೊರಗಿನವನು ತಿಳಿದರೆ, ಅದು ವ್ಯಂಗ್ಯವನ್ನರಿಯದ ಓದೇ ಸರಿ.

ಆದರೆ ಈ ರೀತಿಭೇದವೇ ಅನರ್ಥಕ್ಕೆ ಕಾರಣವೆಂದು ಸಾಧಿಸಬೇಕಾದರೆ ಅನ್ವಯವೂ ವ್ಯತಿರೇಕವೂ ಕೂಡಿಬರಬೇಕು. ಒನಗಾವಾ ಸ್ಥಾವರವೂ ಜಪಾನಿನದೇ; ಭೂಕಂಪದ ಕೇಂದ್ರಕ್ಕೆ ಫುಕುಶಿಮಾಕ್ಕಿಂತ ಸಮೀಪವಾದುದು. ತೊಹೊಕು ವಿದ್ಯುತ್ ಕಂಪೆನಿಯ ಯಾನೊಸುಕೆ ಹಿರಾಯ್ ಅವರು ಪೂರ್ವಕಾಲದ ಸುನಾಮಿಗಳನ್ನು ಲಕ್ಷಿಸಿ ಹಟಹಿಡಿದುದರಿಂದ ಅದರ ನೆಲೆಯನ್ನು 14.8 ಮೀಟರ್ ಎತ್ತರದಲ್ಲಿ ನಿಶ್ಚಯಿಸಲಾಯಿತು. ಅಲೆಯು ಸುಮಾರು 13 ಮೀಟರ್ ಬಂದಿತು, ಸ್ಥಾವರವು ಉಳಿಯಿತು. ಸಂಸ್ಕೃತಿಯೆಂಬ ಹೇತುವಿದ್ದರೂ ಇಲ್ಲಿ ಕಾರ್ಯವಿಲ್ಲ. ಇನ್ನು ನೇರನುಡಿಗೆ ಹೆಸರಾದ ಅಮೆರಿಕಾವನ್ನು ನೋಡಬಹುದು. ಚಾಲೆಂಜರ್ ಗಗನನೌಕೆಯ ರಾಕೆಟ್ಟುಗಳನ್ನು ತಯಾರಿಸಿದ ಕಂಪೆನಿಯ ಇಂಜಿನಿಯರಾದ ರೋಜರ್ ಬೋಜೊಲಿ ಅವರು, ಕೀಲುಗಳ ರಬ್ಬರ್ ಉಂಗುರಗಳ ದೋಷದಿಂದ ಪ್ರಾಣಹಾನಿಯಾಗಬಹುದೆಂದು 1985ನೆಯ ಜುಲೈಯಲ್ಲಿಯೇ ಬರೆದಿದ್ದರು. 1986ನೆಯ ಜನವರಿ 27ರ ರಾತ್ರಿ ಅವರೂ ಸಹೋದ್ಯೋಗಿಗಳೂ, ಅಂತಹ ಚಳಿಯಲ್ಲಿ ನೌಕೆಯನ್ನು ಹಾರಿಸಕೂಡದೆಂದು ಸ್ಪಷ್ಟವಾಗಿ ವಾದಿಸಿದರು. ಮೇಲಧಿಕಾರಿಗಳು ಅದನ್ನು ಬದಿಗೊತ್ತಿದರು; ಮರುದಿನ 7 ಮಂದಿ ಮಡಿದರು. ಇಲ್ಲಿ ಹೇತುವಿಲ್ಲದೆಯೇ ಕಾರ್ಯವುಂಟಾಯಿತು. ಹೀಗೆ ಎರಡು ಕಡೆಯೂ ವ್ಯಭಿಚಾರವಿರುವುದರಿಂದ ಇಂಗ್ಲಿಷ್ ಮುನ್ನುಡಿಯ ಹೇತುವು ಹೇತ್ವಾಭಾಸವೆನ್ನದೆ ಗತ್ಯಂತರವಿಲ್ಲ.

ಫುಕುಶಿಮಾದ ವೃತ್ತಾಂತವೂ ಇದನ್ನೇ ಸಮರ್ಥಿಸುತ್ತದೆ. ಅಲ್ಲಿಗೆ 15.7 ಮೀಟರಿನ ಅಲೆ ಬರಬಹುದೆಂಬ ಲೆಕ್ಕವು 2008ರಲ್ಲಿಯೇ ಟೋಕಿಯೋ ವಿದ್ಯುತ್ ಕಂಪೆನಿಯೊಳಗೆ ಸಿದ್ಧವಾಗಿದ್ದಿತು. ಆಡಳಿತದವರು ಅದನ್ನು ಮುಂದಿನ ಪರಿಶೀಲನೆಗೆಂದು ಬಿಟ್ಟರು. ಸರಕಾರದ ನಿಯಂತ್ರಕರಿಗೆ ಅದು ತಲಪಿದುದು ಅನಾಹುತಕ್ಕೆ 4 ದಿನ ಮುಂಚೆ. ಮಾತು ಹುಟ್ಟದೆ ಹೋದುದಲ್ಲ. ಹುಟ್ಟಿದ ಮಾತಿಗೆ ತೂಕ ದೊರೆಯಲಿಲ್ಲ. ದೋಷವು ವಕ್ತೃವಿಗಿಂತ ಶ್ರೋತೃವಿನಲ್ಲಿ ಹೆಚ್ಚು.

ಸ್ವದೇಶದ ದೋಷವನ್ನು ಪರರೆದುರಿಗೆ ಒಪ್ಪಿಕೊಳ್ಳುವ ಧೈರ್ಯವು ಶ್ಲಾಘ್ಯವೇ. ಆದರೆ ಇಡೀ ಜನಾಂಗಕ್ಕೆ ಹಂಚಿದ ತಪ್ಪು ಯಾರೊಬ್ಬರ ಮೇಲೆಯೂ ನಿಲ್ಲುವುದಿಲ್ಲ. ಕೇಳಬೇಕಾಗಿದ್ದವರನ್ನು ಗುರುತಿಸುವ ಜಪಾನೀ ಪಾಠವೇ ಈ ವಿಷಯದಲ್ಲಿ ಗ್ರಾಹ್ಯವಾದುದು.